ಎಲ್ಲ ಗೊತ್ತಿದ್ದೂ ಹೊಳೆಯಲ್ಲೇ ಯಾಕೆ ತಟ್ಟೆ ತೊಳೆಯುತ್ತಾರೆ?

ಪ್ರಶ್ನೆ: ನಾನು ಒಂದು ಚಾರಣ ಬಳಗದಲ್ಲಿ 6 ವರ್ಷದಿಂದ ತಂಡಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಸಂಬಳದ ಕೆಲಸ ಅಲ್ಲ, ಇಷ್ಟಪಟ್ಟು ಮಾಡುವುದು. 12ರಿಂದ 15 ಜನ ಇರುತ್ತಾರೆ. ಕಾಡಿನೊಳಗೆ ಒಂದೋ ಎರಡೋ ರಾತ್ರಿ ಟೆಂಟ್ ಹಾಕುತ್ತೇವೆ. ಹೊರಡುವ ಮುಂಚೆ ಅರ್ಧ ಗಂಟೆ ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತೇನೆ: ಹೊಳೆಯಲ್ಲಿ ಸೋಪು ಬೇಡ, ಶೌಚಕ್ಕೆ ದೂರ ಹೋಗಿ ಗುಂಡಿ ತೋಡಿ, ಹೊಸ ಒಲೆ ಹೂಡಬೇಡಿ, ತಂದ ಕಸ ವಾಪಸ್ ತನ್ನಿ. ಎಲ್ಲರೂ ತಲೆಯಾಡಿಸುತ್ತಾರೆ. ಪ್ರತಿಜ್ಞೆಯನ್ನೂ ಮಾಡಿಸುತ್ತೇನೆ. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಬಂಡೆ ಹಿಂದೆ ಟಿಶ್ಯೂ, ಹೊಳೆಯಲ್ಲಿ ನೊರೆ, ಇರುವ ಒಲೆಯ ಪಕ್ಕದಲ್ಲೇ ಇನ್ನೊಂದು ಒಲೆ. ಕಳೆದ ಸಲ ಹೊಳೆಯಲ್ಲಿ ಸೋಪು ಹಾಕಿ ತಟ್ಟೆ ತೊಳೆಯುತ್ತಿದ್ದವರು ನಮ್ಮ ಬಳಗದಲ್ಲೇ ಪ್ರಕೃತಿ ಅಂದರೆ ಪ್ರಾಣ ಬಿಡುವವರು. ಎಲ್ಲರೆದುರು ಬೈದೆ. ಅವರು ಆಮೇಲೆ ಬರಲೇ ಇಲ್ಲ. ಈಗ ದಂಡ ಹಾಕೋಣ ಅಂತ ಕೆಲವರು, ತಪ್ಪು ಮಾಡಿದವರ ಫೋಟೊ ತೆಗೆದು ಗ್ರೂಪಿಗೆ ಹಾಕೋಣ ಅಂತ ಕೆಲವರು. ಇದೆಲ್ಲ ಬೆಳೆದು ಬಂದ ರೀತಿ, ಹೇಳಿ ಪ್ರಯೋಜನ ಇಲ್ಲ ಅನ್ನುವವರೂ ಇದ್ದಾರೆ. ನಿಜಕ್ಕೂ ಜನ ಇದನ್ನು ಪಾಲಿಸುವಂತೆ ಮಾಡುವುದು ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತಟ್ಟಿದ್ದು ಟಿಶ್ಯೂ ವಿಷಯ ಅಲ್ಲ. ಪ್ರಕೃತಿ ಅಂದರೆ ಪ್ರಾಣ ಬಿಡುವವರೇ ಹೊಳೆಯಲ್ಲಿ ಸೋಪು ಹಾಕಿದರಲ್ಲ, ಅದು. ನಿಮ್ಮನ್ನು ಕಾಡುತ್ತಿರುವುದೂ ಅದೇ ಅನಿಸುತ್ತದೆ. ಅವರಿಗೆ ಗೊತ್ತಿದೆ, ಪ್ರೀತಿ ಇದೆ, ಮಾತೂ ಕೊಟ್ಟಿದ್ದಾರೆ. ಆದರೂ ಮಾಡಲ್ಲ. ಹಾಗಾದರೆ ಇನ್ನೇನು ಬೇಕು?

ಕಾಡಿಗೆ ಬರುವವರಿಗೂ ಅವರನ್ನು ಕರೆತರುವವರಿಗೂ ತರಬೇತಿ ಕೊಡುವ ಕೆಲಸದಲ್ಲಿ ನಾನು ಬಹಳ ವರ್ಷದಿಂದ ಇದ್ದೇನೆ. ಶುರುವಿನಲ್ಲಿ ನಾನೂ ನಿಮ್ಮ ಹಾಗೆಯೇ ಹೊರಡುವ ಮುಂಚಿನ ಮಾತನ್ನು ಉದ್ದ ಮಾಡುತ್ತಾ ಹೋದೆ. ಏನೂ ಬದಲಾಗಲಿಲ್ಲ. ನಿಧಾನಕ್ಕೆ ಒಂದು ವಿಷಯ ಅರ್ಥವಾಯಿತು. ಜನಕ್ಕೆ ಮಾಹಿತಿ ಸಾಕಷ್ಟಿದೆ. ಇಲ್ಲದಿರುವುದು, "ನಾನೊಬ್ಬ ಹೀಗೆ ಮಾಡಿದರೆ ಈ ಜಾಗಕ್ಕೆ ನಿಜವಾಗಿ ಏನಾದರೂ ಆಗುತ್ತೆ" ಅನ್ನುವ ನಂಬಿಕೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ಬರುವವರನ್ನು ಮಾತನಾಡಿಸಿ ಮಾಡಿದ ಅಧ್ಯಯನಗಳಲ್ಲೂ ಇದೇ ಕಾಣುತ್ತದೆ. ಈ ಅಭ್ಯಾಸದಿಂದ ನಿಜಕ್ಕೂ ಪ್ರಯೋಜನ ಇದೆ ಅಂತ ಅನಿಸಿದವರೇ ಮುಂದೆ ಅದನ್ನು ಮಾಡುತ್ತೇವೆ ಅನ್ನುತ್ತಾರೆ. ಇದರ ಜೊತೆ ಇನ್ನೆರಡು ಬೇಕು. ಆ ಕೆಲಸ ಆ ಹೊತ್ತಿನಲ್ಲಿ ಕೈಗೆಟುಕುವಂತಿರಬೇಕು. ಸುತ್ತಲಿನವರೂ ಮಾಡುತ್ತಿರುವುದು ಕಣ್ಣಿಗೆ ಬೀಳಬೇಕು.

ಮೊದಲು ನಿಮ್ಮ ಬಳಗದವರ ಮಾತುಗಳನ್ನೇ ತೆಗೆದುಕೊಳ್ಳೋಣ.

"ಬೆಳೆದು ಬಂದ ರೀತಿ" ಅನ್ನುವುದು ಕೇಳಲು ಸರಿ ಅನಿಸುತ್ತದೆ, ಆದರೆ ಪೂರ್ತಿ ನಿಜ ಅಲ್ಲ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಮಾಡಿದ್ದು. ಕಾರು ನಿಲ್ಲಿಸುವ ಜಾಗದಲ್ಲಿ ಪ್ರತಿ ಕಾರಿನ ಗಾಜಿಗೂ ಒಂದು ಕರಪತ್ರ ಸಿಕ್ಕಿಸಿಟ್ಟರು. ಮಾಲೀಕರು ಬಂದು ಅದನ್ನು ನೆಲಕ್ಕೆ ಎಸೆಯುತ್ತಾರಾ ಅಂತ ನೋಡಿದರು. ಮೊದಲೇ ಕಸ ಬಿದ್ದಿದ್ದಾಗ 100ರಲ್ಲಿ 32 ಜನ ಎಸೆದರು. ಗುಡಿಸಿಟ್ಟಿದ್ದಾಗ 14 ಜನ. ಕಸ ಬಿದ್ದ ಜಾಗದಲ್ಲಿ ಇನ್ನೊಬ್ಬರು ಎದುರಿಗೇ ಕಸ ಹಾಕಿದ್ದನ್ನು ನೋಡಿದವರಲ್ಲಿ 54 ಜನ. ಇನ್ನೊಂದನ್ನು ಗಮನಿಸಿ. ಚೊಕ್ಕಟ ಜಾಗದಲ್ಲಿ ಯಾರೋ ಒಬ್ಬರು ಕಸ ಎಸೆದದ್ದನ್ನು ಕಂಡವರಲ್ಲಿ ಎಸೆದವರು ಬರೀ 6. ಆ ಒಂದು ಚೂರು ಕಾಗದ ಬಿದ್ದದ್ದರಿಂದಲೇ ನೆಲ ಎಷ್ಟು ಚೊಕ್ಕಟವಾಗಿದೆ ಅನ್ನುವುದು ಅವರಿಗೆ ಎದ್ದು ಕಂಡಿತು.

ಎರಡೂ ಸಲ ಬಂದವರು ಒಂದೇ ಥರದ ಜನ, ಬೆಳೆದು ಬಂದ ರೀತಿಯೂ ಹೆಚ್ಚುಕಡಿಮೆ ಒಂದೇ. ಬದಲಾಗಿದ್ದು ಕಾಲ ಕೆಳಗಿನ ನೆಲ ಮಾತ್ರ. ಹೀಗಾಗಿ ತಂಡ ಕ್ಯಾಂಪ್ ಜಾಗಕ್ಕೆ ಕಾಲಿಡುವಾಗ ಅದು ಹೇಗೆ ಕಾಣುತ್ತದೆ ಅನ್ನುವುದು ನಿಮ್ಮ ಅರ್ಧ ಗಂಟೆ ಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ನಾನು ಈಗ ಹೋಗುವಾಗ ಇಬ್ಬರನ್ನು ಹತ್ತು ನಿಮಿಷ ಮುಂಚೆ ಕಳಿಸುತ್ತೇನೆ. ಹಿಂದೆ ಬಂದವರು ಬಿಟ್ಟುಹೋದದ್ದನ್ನು ಅವರು ಎತ್ತಿಡುತ್ತಾರೆ. ಉಳಿದವರು ಬ್ಯಾಗು ಇಳಿಸುವ ಹೊತ್ತಿಗೆ ನೆಲ ಚೊಕ್ಕಟ. ಇದನ್ನೊಂದು ಮಾಡಿ ನೋಡಿ, ವ್ಯತ್ಯಾಸ ಅವತ್ತೇ ಕಾಣುತ್ತದೆ.

ಇನ್ನು ಪ್ರಕೃತಿ ಪ್ರೀತಿ. ಪ್ರೀತಿ ಇದ್ದವರು ಸರಿಯಾಗಿ ನಡೆದುಕೊಳ್ಳುತ್ತಾರೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ "ಕಾಡು ಉಳಿಯಬೇಕು" ಅನ್ನುವ ದೊಡ್ಡ ಭಾವನೆಗೂ "ಈಗ, ಈ ಚಳಿಯಲ್ಲಿ, ಈ ತಟ್ಟೆಯನ್ನು ಹೊಳೆಯಿಂದ 70 ಹೆಜ್ಜೆ ಆಚೆ ಒಯ್ಯಬೇಕು" ಅನ್ನುವ ಚಿಕ್ಕ ಕೆಲಸಕ್ಕೂ ನಡುವೆ ಬಹಳ ಅಂತರ. ಮನುಷ್ಯ ಒಂದು ಕೆಲಸವನ್ನು ಮಾಡುತ್ತಾನೋ ಇಲ್ಲವೋ ಅನ್ನುವ ಬಗ್ಗೆ ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರವಾಗಿ ಬರೆದ ಸಿದ್ಧಾಂತವನ್ನು ನಮ್ಮ ಕ್ಷೇತ್ರದವರು ಇವತ್ತಿಗೂ ಬಳಸುತ್ತಾರೆ. ಅದು ಕೇಳುವುದು ಮೂರನ್ನು: ಆ ಒಂದು ಕೆಲಸದ ಬಗ್ಗೆ ಅವನಿಗೆ ಏನನಿಸುತ್ತದೆ, ತನಗೆ ಬೇಕಾದವರು ತನ್ನಿಂದ ಏನು ನಿರೀಕ್ಷಿಸುತ್ತಾರೆ ಅಂತ ಅಂದುಕೊಂಡಿದ್ದಾನೆ, ಅದು ತನ್ನ ಕೈಲಾಗುತ್ತದೆ ಅನಿಸುತ್ತದಾ. ಒಟ್ಟಾರೆ ಪ್ರಕೃತಿ ಬಗ್ಗೆ ಏನನಿಸುತ್ತದೆ ಅನ್ನುವುದು ಈ ಮೂರರಲ್ಲಿ ಇಲ್ಲ.

ನಿಮ್ಮ ಆ ಸ್ನೇಹಿತರ ಬಗ್ಗೆ ಒಂದು ಊಹೆ ಮಾಡಲೇ? ಅವರ ಕೈಯಲ್ಲಿದ್ದ ಸೋಪಿನ ಬಾಟಲಿ ಮೇಲೆ "ಬಯೋಡಿಗ್ರೇಡಬಲ್" ಅಂತ ಬರೆದಿದ್ದಿರಬಹುದು. ಕಾಳಜಿ ಇರುವವರೇ ಅದನ್ನು ಹುಡುಕಿ ಕೊಳ್ಳುತ್ತಾರೆ. ಕೊಂಡ ಮೇಲೆ ಹೊಳೆಯಲ್ಲಿ ಬಳಸಿದರೂ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಆದರೆ ಆ ಸೋಪು ಕೊಳೆಯುವುದಕ್ಕೆ ಮಣ್ಣು ಬೇಕು, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಬೇಕು. ನೀರಿಗೆ ಬಿದ್ದ ತಕ್ಷಣ ಅದೂ ಸೋಪೇ. ಕಿತ್ತಳೆ ಸಿಪ್ಪೆ ಕತೆಯೂ ಹೀಗೇ. ಕೊಳೆಯುತ್ತೆ ನಿಜ, ಆದರೆ ಒಣ ಜಾಗದಲ್ಲೋ ಚಳಿ ಜಾಗದಲ್ಲೋ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಅಷ್ಟರಲ್ಲಿ ಪ್ರಾಣಿಗಳು ವಾಸನೆ ಹಿಡಿದು ಬಂದು, ಮನುಷ್ಯ ಕೂರುವ ಜಾಗದಲ್ಲಿ ತಿನ್ನೋಕೆ ಸಿಗುತ್ತೆ ಅಂತ ಕಲಿತುಬಿಡುತ್ತವೆ. ಬೆಳ್ಳಿ ಹಾಳೆ ಇರುವ ಪೊಟ್ಟಣಗಳನ್ನು ಬೆಂಕಿಗೆ ಹಾಕುವವರೂ ಕೆಟ್ಟವರೇನಲ್ಲ. ಸುಟ್ಟರೆ ಹೋಯಿತು ಅಂದುಕೊಂಡಿರುತ್ತಾರೆ. ಪ್ಲಾಸ್ಟಿಕ್ ಸುಟ್ಟು ಹೊಗೆಯಾಗುತ್ತದೆ, ಹಾಳೆ ಬೂದಿಯಲ್ಲಿ ಹಾಗೇ ಉಳಿಯುತ್ತದೆ.

ಕಾಡು ನಿರ್ವಹಣೆಯನ್ನು ಕಲಿತವರು ಬಂದವರ ತಪ್ಪುಗಳನ್ನು ಐದು ಬಗೆ ಮಾಡುತ್ತಾರೆ. ಬೇಕಂತಲೇ ನಿಯಮ ಮುರಿಯುವುದು ಒಂದು. ಗೊತ್ತಿದ್ದೂ ಅಸಡ್ಡೆ ಮಾಡುವುದು ಎರಡನೆಯದು. ಮಾಡುವ ಕೈಚಳಕ ಇಲ್ಲದಿರುವುದು ಮೂರನೆಯದು, ತಿಳಿಯದೇ ಮಾಡುವುದು ನಾಲ್ಕನೆಯದು. ಐದನೆಯದು ತಪ್ಪಿಸಲಾಗದ್ದು. ನಡೆದರೆ ಹುಲ್ಲು ತುಳಿದೇ ತುಳಿಯುತ್ತೇವೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಈ ವಿಂಗಡಣೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ, ಯಾಕೆಂದರೆ ಒಂದೊಂದಕ್ಕೂ ಮದ್ದು ಬೇರೆ. ನಿಮ್ಮ ತಂಡದಲ್ಲಿ ಬೇಕಂತಲೇ ಮಾಡುವವರು ಇಲ್ಲವೇ ಇಲ್ಲ ಅನ್ನಬಹುದು. ಇರುವುದು ನಡುವಿನ ಮೂರು. ಬೈಗುಳ, ದಂಡ, ಫೋಟೊ ಎಲ್ಲವೂ ಮೊದಲನೆಯ ಬಗೆಯವರಿಗೆ ಅಂತ ಮಾಡಿದ ಮದ್ದು.

ಈಗ ಟಿಶ್ಯೂ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಅನುಭವದಲ್ಲಿ ಕ್ಯಾಂಪ್‌ಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಇದರ ಬಗ್ಗೆ ಬಿಚ್ಚಿ ಮಾತಾಡುವವರು ಮಾತ್ರ ಕಡಿಮೆ.

ನೀವು ಹೇಳುವ ನಿಯಮ ಸರಿಯಾಗೇ ಇದೆ. ನೀರಿನಿಂದ, ದಾರಿಯಿಂದ, ಟೆಂಟ್‌ಗಳಿಂದ ಕಡೇಪಕ್ಷ 60 ಮೀಟರ್ ದೂರ, ಅಂದರೆ ದೊಡ್ಡವರ 70-80 ಹೆಜ್ಜೆ. 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ. ಮೇಲಿನ ಕಪ್ಪು ಮಣ್ಣಿನಲ್ಲೇ ಸೂಕ್ಷ್ಮಜೀವಿಗಳು ಜಾಸ್ತಿ ಇರುವುದರಿಂದ ಅದಕ್ಕಿಂತ ಆಳ ಬೇಡ. ಟಿಶ್ಯೂ ವಾಪಸ್ ತರಬೇಕು. ಈಗ ಇದನ್ನು ರಾತ್ರಿ 2 ಗಂಟೆಗೆ ಟೆಂಟ್‌ನಿಂದ ಹೊರಗೆ ಬಂದವರ ಜಾಗದಲ್ಲಿ ನಿಂತು ನೋಡಿ. ಕತ್ತಲೆ. ಚಳಿ. ಹೊಟ್ಟೆ ತಡೆಯುತ್ತಿಲ್ಲ. ಚಿಕ್ಕ ಸಲಿಕೆ ಲೀಡರ್ ಬ್ಯಾಗಿನಲ್ಲಿದೆ, ಲೀಡರ್ ನಿದ್ದೆಯಲ್ಲಿದ್ದಾರೆ. ಎಬ್ಬಿಸೋಕೆ ನಾಚಿಕೆ. 70 ಹೆಜ್ಜೆ ಆಚೆ ಏನಿದೆಯೋ ಗೊತ್ತಿಲ್ಲ. ಬಂಡೆ 10 ಹೆಜ್ಜೆಯಲ್ಲೇ ಇದೆ. ಅವರು ಬಂಡೆ ಹಿಂದೆ ಹೋಗುತ್ತಾರೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಇದು ಅಸಡ್ಡೆ ಅಲ್ಲ, ದಾರಿ ಇಲ್ಲದ್ದು.

ನಾನು ಮಾಡುವ ಏರ್ಪಾಟು ಹೀಗಿದೆ. ಬೆಳಕಿರುವಾಗಲೇ ಇಬ್ಬರು ಹೋಗಿ ಶೌಚದ ದಿಕ್ಕು ಗೊತ್ತು ಮಾಡಿ, ಹೆಡ್‌ಲ್ಯಾಂಪ್ ಬೆಳಕಿಗೆ ಹೊಳೆಯುವ ನಾಲ್ಕು ಪಟ್ಟಿಗಳನ್ನು ಕೊಂಬೆಗಳಿಗೆ ಕಟ್ಟಿ ಬರುತ್ತಾರೆ. ಹೊರಡುವಾಗ ಅವನ್ನು ಬಿಚ್ಚುತ್ತೇವೆ. ಕ್ಯಾಂಪ್ ಅಂಚಿನ ಒಂದು ಕೊಂಬೆಗೆ ಒಂದು ಚೀಲ ನೇತುಹಾಕುತ್ತೇವೆ. ಅದರಲ್ಲಿ ಚಿಕ್ಕ ಸಲಿಕೆ, ಟಿಶ್ಯೂ, ಸ್ಯಾನಿಟೈಸರ್, ಒಳಗೇನಿದೆ ಅಂತ ಕಾಣದ ಕಪ್ಪು ಜಿಪ್ ಕವರ್‌ಗಳು. ಬಳಸಿದ ಟಿಶ್ಯೂ ಆ ಕವರಿಗೆ, ಮುಟ್ಟಿನ ಪ್ಯಾಡೂ ಅದಕ್ಕೇ. ಎಲ್ಲರ ಕವರೂ ಒಂದೇ ಥರ ಇರುವುದರಿಂದ ಯಾರದ್ದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ. ಚೀಲ ಕೊಂಬೆಯಲ್ಲಿ ಇಲ್ಲ ಅಂದರೆ ಯಾರೋ ಹೋಗಿದ್ದಾರೆ, ಸ್ವಲ್ಪ ಕಾಯಿರಿ. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಹೇಳಬೇಕಿಲ್ಲ. ಹಗಲಿನಲ್ಲೇ ಎಲ್ಲರೂ ಒಂದೊಂದು ಗುಂಡಿ ತೋಡಿ ನೋಡುತ್ತಾರೆ. ಬೇರು ಅಡ್ಡ ಬಂದರೆ ಏನು ಮಾಡಬೇಕು, ಮಣ್ಣು ಗಟ್ಟಿ ಇದ್ದರೆ ಎಲ್ಲಿ ಸಡಿಲ ಸಿಗುತ್ತದೆ ಅನ್ನುವುದು ಕೈಗೆ ಬರುತ್ತದೆ. ಚೀಲ ಶುರು ಮಾಡಿದ ಮೇಲೆ ಟಿಶ್ಯೂ ಬಗ್ಗೆ ನಾನು ಮಾತಾಡುವುದೇ ಅಪರೂಪ.

ಜೊತೆಗೆ ಕಾರಣವನ್ನೂ ಹೇಳುತ್ತೇನೆ. ಹೂತಿಟ್ಟ ಮಲದಲ್ಲಿ ಕೆಲವು ರೋಗಾಣುಗಳು ಒಂದು ವರ್ಷ ದಾಟಿಯೂ ಬದುಕಿರಬಲ್ಲವು. ಹೂತ ತಕ್ಷಣ ಎಲ್ಲ ಮಣ್ಣಾಗಿಬಿಡುತ್ತದೆ ಅನ್ನುವುದು ತಪ್ಪು. ಅದಕ್ಕೇ ನೀರಿನಿಂದ ಅಷ್ಟು ದೂರ. ನಾಳೆ ಬೆಳಿಗ್ಗೆ ಬಾಟಲಿ ತುಂಬಿಸಿಕೊಳ್ಳುವುದು ಇದೇ ಹೊಳೆಯಿಂದ ಅಲ್ವಾ ಅಂತ ಹೇಳಿದರೆ ಸಾಕು. ಬರೀ "60 ಮೀಟರ್" ಅಂದರೆ ಅದೊಂದು ಸಂಖ್ಯೆ. ಕಾರಣ ಗೊತ್ತಾದವರು ತಾವಾಗೇ ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗುತ್ತಾರೆ.

ಎರಡನೇ ಒಲೆ ಯಾಕೆ ಹುಟ್ಟಿತು ಅಂತ ಹೋಗಿ ನೋಡಿದ್ದೀರಾ? ಮೊದಲನೆಯದರ ತುಂಬ ಅರೆಬೆಂದ ಕಸ ಇದ್ದಿರಬೇಕು. ಅದರಲ್ಲಿ ಕೈ ಹಾಕಲು ಯಾರಿಗೂ ಇಷ್ಟ ಆಗಲ್ಲ, ಪಕ್ಕದಲ್ಲಿ ಹೊಸದು ಹೂಡುತ್ತಾರೆ. ಇರುವ ಒಲೆಯನ್ನು ಮೊದಲೇ ಚೊಕ್ಕಟ ಮಾಡಿಟ್ಟರೆ ಎರಡನೆಯದು ಬರಲ್ಲ. ಇನ್ನೊಂದು ಮಾತು: ಬಹಳ ಸಲ ಜನಕ್ಕೆ ಬೇಕಾಗಿರುವುದು ಬೆಂಕಿ ಅಲ್ಲ, ಸುತ್ತ ಕೂರಲು ಒಂದು ನಡು ಬೇಕು. ಮಧ್ಯದಲ್ಲಿ ಒಂದು ಲಾಟೀನು ಇಟ್ಟು, ಬಿಸಿ ಬಿಸಿ ಏನಾದರೂ ಕುಡಿಯಲು ಕೊಟ್ಟು, ಕತೆ ಶುರು ಮಾಡಿ. ಬೆಂಕಿ ಬೇಕೇ ಬೇಕು ಅಂತಾದರೆ, ಅಲ್ಲಿ ಅದಕ್ಕೆ ಅನುಮತಿಯೂ ಇದ್ದರೆ, ಬಿದ್ದ ಕಟ್ಟಿಗೆ ಮಾತ್ರ, ಮಣಿಕಟ್ಟಿಗಿಂತ ದಪ್ಪ ಬೇಡ. ಪೂರ್ತಿ ಬೂದಿಯಾಗುವ ತನಕ ಉರಿಸಿ, ನೀರು ಹಾಕಿ, ಬೂದಿ ಕೈಗೆ ತಣ್ಣಗೆ ಹತ್ತುತ್ತದಾ ಅಂತ ನೋಡಿ.

ಟೆಂಟ್ ಎಲ್ಲಿ ಹಾಕುತ್ತಾರೆ ಅನ್ನುವುದನ್ನು ನೀವು ಬರೆದಿಲ್ಲ. ಆದರೆ ಕಾರಣ ತಿಳಿದರೆ ನಡವಳಿಕೆ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಹಸಿರು ಹುಲ್ಲಿನ ಜಾಗ ಕಂಡರೆ ಎಲ್ಲರ ಕಣ್ಣೂ ಅಲ್ಲಿಗೇ. ಪಕ್ಕದಲ್ಲಿ ತುಳಿದು ಬೋಳಾದ ನೆಲ ಇದ್ದರೆ "ಪಾಪ, ಇದು ಆಗಲೇ ಸವೆದಿದೆ, ನಾವು ಬೇರೆ ಕಡೆ ಹಾಕೋಣ" ಅನ್ನುತ್ತಾರೆ. ಕರುಣೆಯಿಂದಲೇ ಅನ್ನುವುದು. ಆದರೆ ತುಳಿತದ ಬಗ್ಗೆ ದಶಕಗಳಿಂದ ಪ್ರಯೋಗ ಮಾಡಿದವರು ಕಂಡುಕೊಂಡದ್ದು ಇದಕ್ಕೆ ತಿರುವುಮುರುವು. ಹೊಸ ಜಾಗದಲ್ಲಿ ಆಗುವ ಹಾನಿಯ ದೊಡ್ಡ ಪಾಲು ಮೊದಲ ಕೆಲವೇ ರಾತ್ರಿಗಳಲ್ಲಿ ಆಗಿಬಿಡುತ್ತದೆ. ಆಮೇಲೆ ಎಷ್ಟು ಜನ ಬಂದರೂ ಹೆಚ್ಚುವುದು ಸ್ವಲ್ಪವೇ. ವಾಪಸ್ ಚಿಗುರಲು ಮಾತ್ರ ವರ್ಷಗಟ್ಟಲೆ ಬೇಕು. ಹಾಗಾಗಿ ಜನ ಓಡಾಡುವ ಕಡೆ ಬೋಳು ನೆಲವೇ ಸರಿಯಾದ ಜಾಗ. ಯಾರೂ ಹೋಗದ ಕಡೆ ಹೋದರೆ ಚದುರಿಕೊಂಡು, ಪ್ರತಿ ರಾತ್ರಿ ಜಾಗ ಬದಲಿಸಬೇಕು. "ಹುಲ್ಲಿನ ಮೇಲೆ ಟೆಂಟ್ ಬೇಡ" ಅಂದರೆ ಮರೆತುಹೋಗುತ್ತದೆ. ಈ ಕಾರಣ ಕೇಳಿದವರು ಮುಂದಿನ ಸಲ ನಾನಿಲ್ಲದಿದ್ದರೂ ತಾವೇ ಬೋಳು ನೆಲ ಹುಡುಕುತ್ತಾರೆ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ದಂಡ. ಇದು ಕೆಲಸವೇ ಮಾಡಲ್ಲ ಅಂತ ನಾನು ಹೇಳಲ್ಲ. ಅಮೆರಿಕದ ಮೌಂಟ್ ರೇನಿಯರ್ ಉದ್ಯಾನದಲ್ಲಿ ಜನ ದಾರಿ ಬಿಟ್ಟು ಹೂವಿನ ಬಯಲಿಗೆ ಇಳಿಯುವುದನ್ನು ತಡೆಯಲು ಬೇರೆ ಬೇರೆ ಬರಹದ ಫಲಕಗಳನ್ನು ಹಾಕಿ ನೋಡಿದರು. 1992ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ದಂಡದ ಎಚ್ಚರಿಕೆ ಇದ್ದ ಫಲಕವೇ ಎಲ್ಲಕ್ಕಿಂತ ಹೆಚ್ಚು ಜನರನ್ನು ತಡೆದಿತ್ತು. ಆದರೆ ಅಲ್ಲಿ ತಪ್ಪು ಒಂದೇ, ಅದೂ ಹಗಲಲ್ಲಿ ಎಲ್ಲರಿಗೂ ಕಾಣುವಂಥದ್ದು. ದಂಡ ಹಾಕುವ ಅಧಿಕಾರವೂ ಉದ್ಯಾನದ್ದೇ. ರಾತ್ರಿ 2 ಗಂಟೆಗೆ ಬಂಡೆ ಹಿಂದೆ ನಡೆಯುವುದಕ್ಕೆ ನೀವು ಯಾರ ಹತ್ತಿರ ದಂಡ ವಸೂಲಿ ಮಾಡುತ್ತೀರಿ? ಇನ್ನೊಂದು ಅಪಾಯವೂ ಇದೆ. ಇಸ್ರೇಲಿನ ಹೈಫಾದ ಕೆಲವು ಶಿಶುಪಾಲನಾ ಕೇಂದ್ರಗಳಲ್ಲಿ, ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ-ಅಮ್ಮಂದಿರಿಗೆ ದಂಡ ಹಾಕಿ ನೋಡಿದರು. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ತಡವಾಗಿ ಬರುವವರು ಕಡಿಮೆ ಆಗಲಿಲ್ಲ, ಜಾಸ್ತಿಯಾದರು. ಮೊದಲು ಇದ್ದ ಸಂಕೋಚ ಹೋಗಿ, ದುಡ್ಡು ಕೊಟ್ಟಿದ್ದೇವಲ್ಲ ಅನ್ನುವ ಲೆಕ್ಕ ಬಂತು. ದಂಡ ನಿಲ್ಲಿಸಿದ ಮೇಲೂ ಹಳೇ ಸ್ಥಿತಿಗೆ ಬರಲಿಲ್ಲ. ಸ್ನೇಹದ ಮೇಲೆ ನಿಂತ ಬಳಗದಲ್ಲಿ ಇದನ್ನು ಶುರು ಮಾಡುವ ಮುಂಚೆ ಎರಡು ಸಲ ಯೋಚಿಸಿ.

ಫೋಟೊ ಹಾಕುವುದು ಬೇಡವೇ ಬೇಡ. ಅವಮಾನ ಆದವರು ತಪ್ಪು ಬಿಡುವುದಕ್ಕಿಂತ ಬಳಗ ಬಿಡುತ್ತಾರೆ, ನೀವು ಅದನ್ನು ಕಂಡಿದ್ದೀರಿ. ಅಷ್ಟೇ ಅಲ್ಲ. ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಅನ್ನುವ ಉದ್ಯಾನ ಇದೆ. ಕೋಟ್ಯಂತರ ವರ್ಷ ಹಿಂದೆ ಕಲ್ಲಾದ ಮರಗಳು ಅಲ್ಲಿ ಬಿದ್ದಿವೆ, ಬಂದವರು ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಚಾಲ್ಡೀನಿ ತಂಡ ದಾರಿಯಲ್ಲಿ ಗುರುತು ಹಾಕಿದ ಚೂರುಗಳನ್ನಿಟ್ಟು ಎರಡು ಬಗೆಯ ಫಲಕ ಹಾಕಿ ನೋಡಿತು. "ತುಂಬ ಜನ ತೆಗೆದುಕೊಂಡು ಹೋಗಿ ಇಲ್ಲಿನ ಸ್ಥಿತಿಯೇ ಬದಲಾಗಿದೆ" ಅನ್ನುವ ಅರ್ಥದ ಫಲಕ ಇದ್ದಾಗ 100ಕ್ಕೆ ಸುಮಾರು 8 ಚೂರು ಹೋದವು. "ದಯವಿಟ್ಟು ತೆಗೆಯಬೇಡಿ" ಅನ್ನುವ ಅರ್ಥದ್ದು ಇದ್ದಾಗ 2ಕ್ಕಿಂತ ಕಡಿಮೆ. ಎಲ್ಲರೂ ಮಾಡ್ತಿದ್ದಾರೆ ಅಂತ ಅಳುವುದು ಎಲ್ಲರೂ ಮಾಡಬಹುದು ಅಂತ ಹೇಳಿದ ಹಾಗೇ ಆಯಿತು. ಪ್ರತಿ ವಾರ ಕಸದ ಫೋಟೊ ಹಾಕುವ ಗ್ರೂಪು ಹೇಳುವುದೂ ಅದನ್ನೇ. ಫೋಟೊ ಹಾಕಲೇಬೇಕು ಅಂದರೆ, ಹೊರಡುವಾಗ ನೀವು ಬಿಟ್ಟುಬಂದ ಖಾಲಿ ನೆಲದ ಫೋಟೊ ಹಾಕಿ. ಪ್ರತಿ ಸಲ ಅದೇ ಮರದ ಹತ್ತಿರ ನಿಂತು, ಅದೇ ಕೋನದಿಂದ ತೆಗೆಯಿರಿ. ನಾಲ್ಕಾರು ಸಲ ಆದಮೇಲೆ ಒಲೆಯ ಪಕ್ಕದ ಬೋಳು ಹಿಗ್ಗಿಲ್ಲ ಅನ್ನುವುದು ಜನಕ್ಕೆ ಕಾಣುತ್ತದೆ. "ನಾನೊಬ್ಬ ಮಾಡಿದರೆ ಏನಾಗುತ್ತೆ" ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ.

ಹೊರಡುವ ಮುಂಚಿನ ಅರ್ಧ ಗಂಟೆಯ ಮಾತನ್ನು 5 ನಿಮಿಷಕ್ಕೆ ಇಳಿಸಿ. ಕಾಡಿನ ದಾರಿಬದಿಯ ಸೂಚನಾ ಫಲಕಗಳ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ, ಎರಡಕ್ಕಿಂತ ಹೆಚ್ಚು ಸಂದೇಶ ಹಾಕಿದಾಗ ಜನರ ತಲೆಯಲ್ಲಿ ಉಳಿದದ್ದು ಹೆಚ್ಚಾಗಲಿಲ್ಲ. ಶೂ ಲೇಸ್ ಕಟ್ಟುತ್ತಾ, ಬ್ಯಾಗ್ ಪಟ್ಟಿ ಬಿಗಿ ಮಾಡುತ್ತಾ ಕೇಳುವ ಮಾತು ಅಲ್ಲೇ ಹೋಗುತ್ತದೆ. ಪಾತ್ರೆ ವಿಷಯವನ್ನು ಊಟ ಬಡಿಸುವ ಮುಂಚೆ ಹೇಳಿ, ಶೌಚದ ವಿಷಯವನ್ನು ಟೆಂಟ್ ಹಾಕಿದ ಮೇಲೆ. ಒಕ್ಕೊರಲಿನ ಪ್ರತಿಜ್ಞೆ ಬಿಡಿ, ಅದರಲ್ಲಿ ಯಾರ ದನಿಯೂ ಇರಲ್ಲ. ಅದರ ಬದಲು "ಇವತ್ತು ಪಾತ್ರೆ ನೀರು ನಾನು ನೋಡ್ಕೋತೀನಿ" ಅಂತ ಒಬ್ಬರು ತಾವಾಗೇ ಎಲ್ಲರೆದುರು ಹೇಳಲಿ. ಹಾಗೆ ಹೇಳಿದವರು ಮರೆತದ್ದನ್ನು ನಾನು ನೋಡಿಲ್ಲ. ಹೊಸಬರಿಗೇ ಈ ಕೆಲಸ ಕೊಡಿ. ಇದರಲ್ಲೂ ಒಂದು ಅಪಾಯ ಇದೆ: ಹೊಣೆ ಹೊತ್ತವರು ಪೊಲೀಸ್ ಥರ ಆಡಲು ಶುರು ಮಾಡಬಹುದು. ಅದಕ್ಕೆ ಪ್ರತಿ ಊಟಕ್ಕೂ ಜನ ಬದಲಾಗಬೇಕು.

ಇಷ್ಟೆಲ್ಲ ಮಾಡಿದರೂ ಯಾರೋ ಒಬ್ಬರು ಹೊಳೆಯಲ್ಲಿ ತಟ್ಟೆ ತೊಳೆಯುತ್ತಲೇ ಇರುತ್ತಾರೆ. ಆಗ ಏನು ಹೇಳಬೇಕು? ಜಾರ್ಜ್ ವಾಲೆಸ್ ಅನ್ನುವವರು 1990ರಲ್ಲಿ ಅರಣ್ಯ ಸಿಬ್ಬಂದಿಗೆ ಒಂದು ವಿಧಾನ ಬರೆದುಕೊಟ್ಟರು. ಅದರ ತಿರುಳು ಇಷ್ಟು: ನಿಯಮದ ಬಲದಿಂದ ಮಾತಾಡಬೇಡಿ, ಜಾಗದ ಪರವಾಗಿ ಮಾತಾಡಿ. ಎದುರು ನಿಲ್ಲಬೇಡಿ, ಪಕ್ಕ ನಿಂತು ಇಬ್ಬರೂ ಜಾಗದ ಕಡೆ ನೋಡಿ.

ಒಂದು ಸಂಜೆ ಹೀಗೇ ಆಯಿತು. ನಮ್ಮ ತಂಡದ ಒಬ್ಬರು ಹೊಳೆ ಅಂಚಿನಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದರು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ನೀರಿನಿಂದ ಅಂಗೈಯಗಲದ ಒಂದು ಕಲ್ಲೆತ್ತಿ ತಿರುಗಿಸಿದೆ. ಅಡಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಕೊಳವೆ ಅಂಟಿಕೊಂಡಿತ್ತು. ಮರಳಿನ ಒಂದೊಂದೇ ಕಣ ಜೋಡಿಸಿ ಕಟ್ಟಿದ್ದು. "ಇದೇನು ಗೊತ್ತಾ? ಕ್ಯಾಡಿಸ್ ಅನ್ನೋ ಕೀಟದ ಮರಿಹುಳ. ಬಾಯಿಂದ ರೇಷ್ಮೆ ನೂಲು ತೆಗೆದು ಈ ಮರಳಿನ ಮನೆ ಕಟ್ಟಿಕೊಳ್ಳುತ್ತೆ. ಮೀನು ಇದನ್ನು ತಿಂದು ಬದುಕುತ್ತೆ" ಅಂದೆ. ಸ್ವಲ್ಪ ಹೊತ್ತಿಗೆ ಕೊಳವೆಯ ಬಾಯಿಂದ ಕಂದು ತಲೆ, ಆಮೇಲೆ ಎರಡು ಕಾಲು ಹೊರಗೆ ಬಂದವು. ಅವರು ತಟ್ಟೆ ಕೆಳಗಿಟ್ಟರು. "ಇವು ಸೋಪನ್ನು ತಡ್ಕೊಳ್ಳಲ್ಲ. ಅದಕ್ಕೇ ನಾವು ನೀರು ತುಂಬಿಸ್ಕೊಂಡು ಮೇಲೆ ಹೋಗಿ ತೊಳೀತೀವಿ. ಬನ್ನಿ, ಜಾಗ ತೋರಿಸ್ತೀನಿ." ಕಲ್ಲನ್ನು ಮೊದಲಿದ್ದ ಹಾಗೇ, ಅದೇ ಮಗ್ಗುಲಿಗೆ ವಾಪಸ್ ಇಟ್ಟೆ. ಅವರು ನೀರು ತುಂಬಿದ ಪಾತ್ರೆ ಹಿಡಿದು ನನಗಿಂತ ಮುಂಚೆ ಏರಿ ಹತ್ತಿದರು. ಆ ರಾತ್ರಿ ಅವರೇ ಇನ್ನಿಬ್ಬರಿಗೆ ಕಲ್ಲು ತಿರುಗಿಸಿ ತೋರಿಸುತ್ತಿದ್ದುದನ್ನು ದೂರದಿಂದ ನೋಡಿದೆ.

ಈ ಥರ ಮಾತಿಗೆ ಸಮಯ ಬೇಕು, ತಾಳ್ಮೆ ಬೇಕು. 15 ಜನರ ತಂಡದಲ್ಲಿ ನೀವೊಬ್ಬರೇ ಎಲ್ಲರ ಪಕ್ಕ ಕೂರೋಕಾಗಲ್ಲ. ಸಾಧ್ಯವಾದರೆ ತಂಡವನ್ನು 8ಕ್ಕೆ ಇಳಿಸಿ, ಇಲ್ಲವೇ ಇನ್ನೊಬ್ಬ ಲೀಡರ್ ಇರಲಿ. ಮತ್ತೆ ಇದು ಬೇಕಂತಲೇ ಮಾಡುವವರ ಹತ್ತಿರ ನಡೆಯಲ್ಲ. ಎರಡು ಸಲ ಹೇಳಿಯೂ ಹಸಿ ಮರ ಕಡಿಯುವವರನ್ನು ಮುಂದಿನ ಸಲ ಕರೆಯಬೇಡಿ. ಅದನ್ನು ಅವರಿಗೆ ಖಾಸಗಿಯಾಗಿ, ನೇರವಾಗಿ ಹೇಳಿ.

ಬಳಗ ಬಿಟ್ಟವರಿಗೆ ಒಂದು ಫೋನ್ ಮಾಡಿ. ಸೋಪಿನ ವಿಷಯ ತೆಗೆಯಬೇಡಿ. ಎಲ್ಲರೆದುರು ಬೈದದ್ದು ತಪ್ಪಾಯಿತು ಅಂತ ಮೊದಲು ಹೇಳಿ, ಅದು ನಿಮ್ಮ ಪಾಲಿನ ಕೆಲಸ. ಆಮೇಲೆ, ಮುಂದಿನ ಸಲ ಹತ್ತು ನಿಮಿಷ ಮುಂಚೆ ಹೋಗಿ ಜಾಗ ಚೊಕ್ಕಟ ಮಾಡಲು, ಶೌಚದ ದಾರಿಗೆ ಪಟ್ಟಿ ಕಟ್ಟಲು ಇಬ್ಬರು ಬೇಕು, ಒಬ್ಬ ನಾನು, ಇನ್ನೊಬ್ಬರು ನೀವಾಗ್ತೀರಾ ಅಂತ ಕೇಳಿ. ಬಂದರೆ ಕತ್ತಲಾಗುವ ಮುಂಚೆ ಹೊಳೆಗೆ ಇಳಿದು ಅವರ ಜೊತೆ ಒಂದು ಕಲ್ಲು ತಿರುಗಿಸಿ ನೋಡಿ.